ಹಿಮ್ಮಡಿಯ ಮುಳ್ಳು

ಕೋಲಾರದ ಹಳೇ ಬಸ್ ನಿಲ್ದಾಣದ ಆಚೆ, ಬೇವಿನ ಮರದ ನೆರಳಲ್ಲಿ ಕೂತು ಚಪ್ಪಲಿ ಹೊಲಿಯುವ ಯಜಮಾನನ ಮುಂದೆ ಒಂದು ಸೋಮವಾರ ಬೆಳಿಗ್ಗೆ ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಗೋಣಿಚೀಲ ಬಿಚ್ಚಿದ. ಒಳಗಿನಿಂದ ಬಂದದ್ದು ಮೊಣಕಾಲುದ್ದದ ಒಂದು ಜೊತೆ ಕರಿ ಬೂಟು.

“ಯಾವ ನಾಟಕಕ್ಕಪ್ಪಾ?”

ಕೇಳಿದ್ದರಲ್ಲಿ ತಪ್ಪಿಲ್ಲ. ಆ ಸೀಮೆಯಲ್ಲಿ ಅಂಥ ಬೂಟು ಕಣ್ಣಿಗೆ ಬೀಳುವುದು ನಾಟಕದ ಸೀನರಿಯವರ ಪೆಟ್ಟಿಗೆಯಲ್ಲಿ, ಇಲ್ಲವೇ ಆಗಸ್ಟ್ ಹದಿನೈದರ ಪೆರೇಡಿನಲ್ಲಿ.

“ನಾಟಕಕ್ಕಲ್ಲ ಯಜಮಾನ್ರೇ, ಕುದುರೆಗೆ.”

“ಕುದುರೆಗೆ ಬೂಟಾ? ಲಾಳ ಹೊಡಿಸೋದು ಬಿಟ್ಟುಬಿಟ್ರಾ ಈಗ?”

ಹುಡುಗನ ಜೊತೆ ಬಂದು ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಅವನ ತಾತ ಗಟ್ಟಿಯಾಗಿ ನಕ್ಕ. ತಾತ ಮುಳಬಾಗಿಲಿನಲ್ಲಿ ಜಟಕಾ ಹೊಡೆದವನು. ಆಟೋಗಳು ಬಂದು ಜಟಕಾ ಸ್ಟ್ಯಾಂಡನ್ನು ನುಂಗುವವರೆಗೂ ಹೊಡೆದ. ಈಗ ಎಪ್ಪತ್ತಾರು. ಕಣ್ಣಿನ ಪೊರೆ ತೋರಿಸಲು ಕೋಲಾರಕ್ಕೆ ಬಂದಿದ್ದ. ಮೊಮ್ಮಗ ಬೂಟಿನ ಕೆಲಸ ಮುಗಿಸಿಕೊಂಡೇ ಆಸ್ಪತ್ರೆಗೆ ಹೋಗೋಣ ಅಂದಿದ್ದ.

ಹುಡುಗನ ಕತೆ ದೊಡ್ಡದೇನಲ್ಲ. ಪಿಯುಸಿಯಲ್ಲಿ ಡುಮ್ಕಿ ಹೊಡೆದು, ಇಟ್ಟಿಗೆ ಗೂಡಿನಲ್ಲಿ ಲೆಕ್ಕ ಬರೆಯುವ ಕೆಲಸ ಹುಡುಕಿಕೊಂಡು ಮಾಲೂರಿಗೆ ಹೋದವನು, ಬೆಂಗಳೂರು ಕಡೆಯ ರಸ್ತೆಯಲ್ಲಿರುವ ಒಂದು ಕುದುರೆ ಲಾಯ ಸೇರಿಕೊಂಡ. ಭಾನುವಾರ ಕಾರುಗಳಲ್ಲಿ ಬರುವ ಪೇಟೆಯ ಮಕ್ಕಳಿಗೆ ಅಲ್ಲಿ ಸವಾರಿ ಕಲಿಸುತ್ತಾರೆ. ಮೊದಲು ಲದ್ದಿ ಬಾಚಿದ. ಆಮೇಲೆ ಮಕ್ಕಳು ಕೂತ ಕುದುರೆಯ ಹಗ್ಗ ಹಿಡಿದು ಸುತ್ತು ಹೊಡೆದ. ಕೊನೆಗೊಂದು ದಿನ ಕಲಿಸುವ ಮೇಷ್ಟ್ರು, “ನೀನೇ ಹತ್ತು ನೋಡೋಣ” ಅಂದರು. ಹದಿನೆಂಟು ತಿಂಗಳಾಗಿತ್ತು. ಹೋದ ವಾರ ಅವರು ಹೇಳಿದ್ದು: “ಇನ್ನು ಸ್ಪರ್ ಕಟ್ಟಬಹುದು.”

ಈ ಮಾತಿನ ತೂಕ ಹೊರಗಿನವರಿಗೆ ತಿಳಿಯುವುದಿಲ್ಲ. ಸವಾರಿಯವರಲ್ಲಿ ಅದೊಂದು ಬಗೆಯ ದೀಕ್ಷೆ. ಹಿಂದೆ ಯೂರೋಪಿನಲ್ಲಿ ನೈಟ್ ಪದವಿ ಕೊಡುವಾಗ ಹಿಮ್ಮಡಿಗೆ ಚಿನ್ನದ ನೀರು ಕುಡಿಸಿದ ಸ್ಪರ್ ಕಟ್ಟುತ್ತಿದ್ದರು. 1302ರಲ್ಲಿ ಫ್ಲಾಂಡರ್ಸ್‌ನ ಕೋರ್ಟ್ರೈ ಎಂಬಲ್ಲಿ ಕಾಲ್ನಡಿಗೆಯ ನೇಕಾರರೂ ಕಸುಬುದಾರರೂ ಸೇರಿ ಫ್ರಾನ್ಸಿನ ಸರದಾರರನ್ನು ಕೆಡವಿದಾಗ, ಸತ್ತವರ ಕಾಲಿನಿಂದ ಬಿಚ್ಚಿದ ಸ್ಪರ್‌ಗಳನ್ನು ರಾಶಿ ಹಾಕಿ ಇಗರ್ಜಿಯಲ್ಲಿ ತೂಗುಹಾಕಿದರು. ಆ ಕಾಳಗಕ್ಕೆ ಇವತ್ತಿಗೂ ‘ಚಿನ್ನದ ಸ್ಪರ್‌ಗಳ ಕಾಳಗ’ ಎಂದೇ ಹೆಸರು.

ನಮ್ಮಲ್ಲಿ ಇದಕ್ಕೆ ಮನೆಮಾತಾದ ಒಂದು ಪದವಿಲ್ಲ. ಲಗಾಮು, ಜೀನು, ರಿಕಾಬು, ಕಡಿವಾಣ, ಚಾವಟಿ ಎಲ್ಲವೂ ನಾಲಿಗೆಯ ಮೇಲಿವೆ. ಸ್ಪರ್‌ಗೆ ಮಾತ್ರ ಹಿಮ್ಮಡಿಯ ಮುಳ್ಳು ಎಂದು ಬಿಡಿಸಿ ಹೇಳಬೇಕು. ಹೈದರಾಲಿ ಹುಟ್ಟಿದ ಬೂದಿಕೋಟೆ ಇದೇ ನೆಲದ್ದು. ಅವನ ತಂದೆ ಫತೇ ಮಹಮದನ ಗೋರಿ ಕೋಲಾರ ಪಟ್ಟಣದಲ್ಲೇ ಇದೆ. 1768ರ ಅಕ್ಟೋಬರಿನಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಇಂಗ್ಲಿಷರ ಕರ್ನಲ್ ವುಡ್‌ನಿಗೂ ಹೈದರನಿಗೂ ಕಾಳಗವಾಯಿತು. ಇಷ್ಟೆಲ್ಲ ಗೊರಸಿನ ಸದ್ದು ಕೇಳಿದ ಸೀಮೆಯಲ್ಲಿ ಈಗ ಒಂದು ಬೂಟಿಗೆ ಮುಳ್ಳು ಕಟ್ಟಿಸಬೇಕೆಂದರೆ ಬೇವಿನ ಮರದ ಕೆಳಗಿನ ಯಜಮಾನನೇ ಗತಿ!

ಹುಡುಗ ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಬೆಂಗಳೂರಿನ ದಂಡು ಪ್ರದೇಶದ ಅಂಗಡಿಯೊಂದರಲ್ಲಿ ತಿಂಗಳ ಸಂಬಳದ ಕಾಲುಭಾಗ ಕೊಟ್ಟು ಕೊಂಡದ್ದು. ಯು ಆಕಾರದ ಹೊಳೆಯುವ ಉಕ್ಕಿನ ಕಮಾನು, ಅದರ ಬೆನ್ನಿನಿಂದ ಎರಡೂವರೆ ಅಂಗುಲದ ಕತ್ತು, ಕತ್ತಿನ ತುದಿಯಲ್ಲಿ ಗಿರಗಿರ ತಿರುಗುವ ಹಲ್ಲುಚಕ್ರ. ಅಲ್ಲಾಡಿಸಿದರೆ ಝಣ್ ಎನ್ನುತ್ತಿತ್ತು. ಈ ಝಣ್ ಎಲ್ಲಿಂದ ಬಂತೆಂದು ತಾತನಿಗೆ ಗೊತ್ತು. 1971ರಲ್ಲಿ ತೆಲುಗಿನ ‘ಮೋಸಗಾಳ್ಳಕು ಮೋಸಗಾಡು’ ಬಂದಾಗ, ಕೌಬಾಯ್ ಟೋಪಿಯ ಕೃಷ್ಣನನ್ನು ನೋಡಲು ಅವನೂ ಟೆಂಟಿನಲ್ಲಿ ನೆಲದ ಮೇಲೆ ಕೂತವನೇ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಪಿಕ್ಚರ್ ಬಿಟ್ಟವರುಂಟೆ?

ತಾತ ಏನೂ ಮಾತಾಡಲಿಲ್ಲ. ಸ್ಪರ್ ಕೈಗೆ ತೆಗೆದುಕೊಂಡು ಚಕ್ರವನ್ನು ತನ್ನ ಮೊಣಕೈಯ ಒಳಭಾಗಕ್ಕೆ ಒತ್ತಿ ಉರುಳಿಸಿದ. ಕೆಂಪು ಚುಕ್ಕೆಗಳ ಒಂದು ಸಾಲು ಮೂಡಿತು. ಅದನ್ನು ನೋಡುತ್ತಾ ಕೂತ.

ಹೈಸ್ಕೂಲಿನಲ್ಲಿ ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸುವುದು ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಯಾರೂ ಅದನ್ನು ಕುದುರೆಯ ಹೊಟ್ಟೆಯ ಮೇಲೆ ಲೆಕ್ಕ ಹಾಕುವುದಿಲ್ಲ. ಒಂದು ಕಿಲೋ ತೂಕದಷ್ಟು ಬಲ ಒಂದು ಚದರ ಸೆಂಟಿಮೀಟರ್ ಅಗಲದ ಗುಂಡುತುದಿಯಿಂದ ಬಿದ್ದರೆ ಅದು ತಟ್ಟುವುದು. ಅದೇ ಬಲ ಒಂದು ಚದರ ಮಿಲಿಮೀಟರಿನ ಮೊನೆಯಿಂದ ಬಿದ್ದರೆ ಒತ್ತಡ ನೂರು ಪಟ್ಟು, ಅದು ಚುಚ್ಚುವುದು. ಸವಾರನ ಕಾಲಿಗೆ ಎರಡರಲ್ಲೂ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯುವುದು ಆ ಕಡೆಯ ಚರ್ಮಕ್ಕೆ. ಒಂದು ನೊಣ ಕೂತರೆ ಆ ಜಾಗವನ್ನಷ್ಟೇ ಅದುರಿಸಿ ಓಡಿಸುವ ಪ್ರಾಣಿ ಕುದುರೆ. ಚರ್ಮದ ಅಡಿಯಲ್ಲಿ ಅದಕ್ಕೆಂದೇ ಹರಡಿದ ತೆಳ್ಳನೆಯ ಸ್ನಾಯುವಿದೆ. ನೊಣದ ಕಾಲು ತಿಳಿಯುವ ಮೈಗೆ ಹಲ್ಲುಚಕ್ರ ಎಷ್ಟು ತಿಳಿಯಬೇಡ!

ಹುಡುಗನ ಇನ್ನೊಂದು ತಪ್ಪು ಕತ್ತಿನ ಉದ್ದದ್ದು. ಅವನು ಕುಳ್ಳ, ಐದಡಿ ಮೂರಂಗುಲ. ಕುಳ್ಳನ ಕಾಲು ಎಟುಕುವುದಿಲ್ಲ, ಆದ್ದರಿಂದ ಉದ್ದ ಕತ್ತು ಬೇಕು ಎಂಬುದು ಅವನ ತರ್ಕ. ಮೇಲುನೋಟಕ್ಕೆ ಸರಿ ಎನಿಸುತ್ತದೆ, ಆದರೆ ಪೂರಾ ಉಲ್ಟಾ. ಕುದುರೆಯ ಹೊಟ್ಟೆ ಪೀಪಾಯಿಯಂತೆ ಉಬ್ಬಿ ಕೆಳಗೆ ಒಳಕ್ಕೆ ತಿರುಗುತ್ತದೆ. ಉದ್ದ ಕಾಲಿನವನ ಹಿಮ್ಮಡಿ ಉಬ್ಬು ದಾಟಿ ಕೆಳಗೆ, ಮೈಯಿಂದ ದೂರ ನೇತಾಡುತ್ತದೆ. ಅವನಿಗೆ ಉದ್ದ ಕತ್ತು ಬೇಕು. ಕುಳ್ಳನ ಹಿಮ್ಮಡಿ ಉಬ್ಬಿಗೇ ಅಂಟಿಕೊಂಡಿರುತ್ತದೆ. ಅವನಿಗೆ ಅರ್ಧ ಅಂಗುಲದ ಮೊಂಡು ಸಾಕು, ಅದೂ ತುದಿ ಉರುಟಾಗಿ. ಹದಿನೆಂಟು ತಿಂಗಳು ಕುದುರೆ ಹತ್ತಿದವನಿಗೆ ಇದು ಹೊಳೆಯಲಿಲ್ಲವೆ ಎಂದರೆ, ಅಂಗಡಿಯ ಕನ್ನಡಿಯ ಮುಂದೆ ನಿಂತಾಗ ಕುದುರೆ ಯಾರ ನೆನಪಿಗೂ ಬರುವುದಿಲ್ಲ.

ಯಜಮಾನ ಇದ್ಯಾವುದನ್ನೂ ತಿಳಿದವನಲ್ಲ. ಆದರೆ ಚರ್ಮ ತಿಳಿದವನು. ಹರೆಯದಲ್ಲಿ ಅವನು ಕಪಿಲೆ ಬಾವಿಗಳಿಗೆ ಚರ್ಮದ ಬಾನಿ ಹೊಲಿಯುತ್ತಿದ್ದ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದರೆ ಬಾವಿಯೊಳಗಿಂದ ನೀರು ತುಂಬಿ ಮೇಲೇಳುವ ಆ ದೊಡ್ಡ ಚೀಲ ಎಷ್ಟು ಸಲ ಏರಿಳಿದರೂ ಸೋರಬಾರದು, ಹೊಲಿಗೆ ಹಾಗಿರಬೇಕಿತ್ತು. ಕೋಲಾರದ ಬಾವಿಗಳು ಬತ್ತಿ ಕೊಳವೆಬಾವಿ ಸಾವಿರ ಅಡಿ ದಾಟಿದ ಮೇಲೆ ಆ ಕಸುಬು ಹೋಯಿತು, ಚಪ್ಪಲಿಯ ಉಂಗುಷ್ಠ ಉಳಿಯಿತು. ಅವನು ಬೂಟನ್ನು ತಿರುಗಿಸಿ, ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಒಂದೇ ಮಾತು ಹೇಳಿದ: “ಇದು ಕೂತ್ಕೊಳ್ಳೋಕೆ ಮೆಟ್ಟಿಲೇ ಇಲ್ಲವಲ್ಲಯ್ಯ.”

ಸರಿಯಾದ ಸವಾರಿ ಬೂಟಿನ ಹಿಂದೆ, ಹಿಮ್ಮಡಿಯ ಮೇಲೆ, ಚರ್ಮದ ಒಂದು ಸಣ್ಣ ಅಂಚು ಇರುತ್ತದೆ. ಸ್ಪರ್‌ನ ಕಮಾನು ಅದರ ಮೇಲೆ ಕೂರಬೇಕು. ಅಂಚಿಲ್ಲದಿದ್ದರೆ ಪಟ್ಟಿಯನ್ನು ಎಷ್ಟೇ ಬಿಗಿದರೂ ಅದು ಜಾರಿ ಜಾರಿ ಕೆಳಗಿಳಿಯುತ್ತದೆ. ಹೆಚ್ಚು ಬಿಗಿದರೆ ಹಿಮ್ಮಡಿಯ ನರ ಹಿಡಿಯುತ್ತದೆ. ಹುಡುಗನ ಬೂಟು ಯಾರೋ ಕೊಟ್ಟ ಹಳೆಯದು, ಅಂಚು ಎಂದೋ ಕಿತ್ತುಹೋಗಿತ್ತು.

ಹಲ್ಲುಚಕ್ರದ್ದು ಬೇಡವೆಂದು ತಾತ ಹೇಳಬೇಕಾಗಲಿಲ್ಲ. ಅವನ ಕೈಯ ಚುಕ್ಕೆಗಳನ್ನು ಹುಡುಗ ನೋಡಿದ್ದ. ಚೀಲದ ತಳದಿಂದ ಇನ್ನೊಂದು ಜೊತೆ ಬಂತು. ಮೇಷ್ಟ್ರು ಕೊಟ್ಟದ್ದು: ಮೊಂಡು ಕತ್ತು, ಉರುಟು ತುದಿ, ಹೊಳಪು ಸತ್ತ ಉಕ್ಕು. ಅದು ಮನಸ್ಸಿಗೆ ಬಾರದೆ ಅಂಗಡಿಗೆ ಹೋಗಿದ್ದನಂತೆ. ಈಗ ಅದನ್ನೇ ಬೂಟಿಗೆ ಸಿಕ್ಕಿಸಿದ, ಕತ್ತು ಮೇಲಕ್ಕೆ ಬಾಗುವಂತೆ. ಯಜಮಾನ ಸುಮ್ಮನೆ ತೆಗೆದು ಬೋರಲು ಮಾಡಿ ಸಿಕ್ಕಿಸಿದ. ಹಿಮ್ಮಡಿ ಮೇಲೆದ್ದಾಗಲೆಲ್ಲ ಮೇಲ್ಮುಖದ ತುದಿ ಹೊಟ್ಟೆಗೆ ನೆಡುತ್ತದೆ, ಕೆಳಮುಖದ್ದು ಬೇಕೆಂದು ಒತ್ತಿದಾಗ ಮಾತ್ರ ತಾಗುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಬ್ಬಿಣ ಹಾಗೆ ಬಾಗಿದ್ದು ಯಾಕೆಂದು ನೋಡಿದರೆ ಗೊತ್ತಾಗುತ್ತದೆ ಅಂದ. ಎರಡು ತೋಳುಗಳಲ್ಲಿ ಒಂದು ಕೂದಲೆಳೆಯಷ್ಟು ಉದ್ದ ಇತ್ತು. ಅದು ಕಾಲಿನ ಹೊರಮಗ್ಗುಲಿಗೆ. ಪಟ್ಟಿಯ ಬಕಲ್ಲೂ ಹೊರಗೆ, ಒಳಗಾದರೆ ಕುದುರೆಗೂ ಜೀನಿಗೂ ಉಜ್ಜುತ್ತದೆ.

ಅಂಚು ಎಲ್ಲಿ ಹೊಲಿಯಬೇಕು ಎಂಬಲ್ಲಿಗೆ ತಕರಾರು ಬಂತು. ನಿಂತಾಗಿನ ಕಾಲು ಬೇರೆ, ಕೂತು ನೇತುಬಿಟ್ಟ ಕಾಲು ಬೇರೆ. “ಕುದುರೆ ಮೇಲೆ ಹೆಂಗೆ ಕೂರ್ತೀಯೋ ಹಂಗೆ ಕೂರು” ಅಂದ ಯಜಮಾನ. ಹತ್ತಿರದಲ್ಲೊಂದು ಮೋಟುಗೋಡೆಯಿತ್ತು. ಹುಡುಗ ಬೂಟು ಹಾಕಿ, ಸ್ಪರ್ ಕಟ್ಟಿ ಅದರ ಮೇಲೆ ಅತ್ತಿತ್ತ ಕಾಲು ಹಾಕಿ ಕೂತ. ಬಸ್ಸಿಗೆ ಕಾದವರಿಗೆಲ್ಲ ಪುಕ್ಕಟೆ ತಮಾಷೆ. ಗುರುತು ಸಿಗಲಿ ಎಂದು ಯಜಮಾನ ಸ್ಪರ್‌ನ ತುದಿಗೆ ಸೀಮೆಸುಣ್ಣ ಬಳಿದ, ತುದಿ ಗೋಡೆಯ ಯಾವ ಎತ್ತರಕ್ಕೆ ತಾಗುತ್ತದೆ ನೋಡಲು. ಒತ್ತು ಅಂದಾಗ ಹುಡುಗ ಒಮ್ಮೆ ಒತ್ತಿದ. ಅಷ್ಟರಲ್ಲಿ ಟೀ ಬಂತು. ಮಾತು ಮಳೆಗೆ, ಟೊಮೆಟೊ ರೇಟಿಗೆ, ಯಾರದೋ ಮದುವೆಗೆ ಹೋಯಿತು. ಐದು ನಿಮಿಷವಾಗಿರಬೇಕು. ಟೀ ಲೋಟ ಕೆಳಗಿಡಲು ಬಗ್ಗಿದ ತಾತ ಗೋಡೆಯನ್ನೇ ನೋಡುತ್ತಾ ನಿಂತ.

ಗೋಡೆಯ ಎರಡೂ ಮಗ್ಗುಲು ಬಿಳಿ ಚುಕ್ಕೆ. ಎಡಕ್ಕೆ ಆರು. ಬಲಕ್ಕೆ ಹದಿನೇಳು.

“ಎಷ್ಟು ಸಲ ಒತ್ತಿದೆಯೋ?”

“ಒಂದ್ಸಲ ತಾತಾ. ಆ ಕಡೆ ಒಂದು, ಈ ಕಡೆ ಒಂದು.”

ತಾತ ಬೆರಳಿಟ್ಟು ಒಂದೊಂದೇ ಎಣಿಸಿ ತೋರಿಸಿದ. ಹುಡುಗ ಇಳಿದು ಬಂದು ನೋಡಿ ಸುಮ್ಮನಾದ.

ಮುಂದೆ ತಾತ ಹೇಳಿದ್ದನ್ನು ಮನೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಜಟಕಾಕ್ಕಿಂತ ಹಿಂದಿನ ಮಾತು, ಅವನಿಗೆ ಹತ್ತೊಂಬತ್ತು. ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ತೋಪುಗಳಿಂದ ರಾತ್ರಿ ಗಾಡಿ ಕಟ್ಟಿ ಬೆಳಗಾಗುವುದರೊಳಗೆ ಕೋಲಾರ ಮುಟ್ಟಿಸುವುದು. ಮೊದಲು ಮುಟ್ಟಿದ ಗಾಡಿಗೆ ಒಳ್ಳೆ ರೇಟು. ಎತ್ತುಗಳಿಗೆ ಮಾತೇ ಸಾಕಾಗಿತ್ತು, ನಾಲಿಗೆ ಚಟಪಟ ಅನ್ನಿಸಿದರೆ ಓಡುತ್ತಿದ್ದವು. ಆದರೆ ಹಿಂದಿನ ಗಾಡಿಯವರು ದಾಟಿ ಹೋದರು ಎಂಬ ರೋಷಕ್ಕೆ ಅವನು ಮುಳ್ಳುಗೋಲು ತೆಗೆದ. ಆ ಕಡೆಯ ತೆಲುಗಿನಲ್ಲಿ ಮುಲ್ಲುಕರ್ರ. ಬಿದಿರ ಕೋಲು, ತುದಿಯಲ್ಲಿ ಮೊಳೆ. ಒಂದು ಬೇಸಿಗೆಯೆಲ್ಲ ಚುಚ್ಚಿದ. ಕೋಲು ಬಲಗೈಯಲ್ಲಿ, ಆದ್ದರಿಂದ ಬಲಗಡೆಯ ಎತ್ತಿಗೇ ಹೆಚ್ಚು. ಮೂರೇ ವರ್ಷ ಹಿಂದೆ, 1965ರಲ್ಲಿ, ಎಳೆಯುವ ಹೊರುವ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರ ನಿಯಮ ಮಾಡಿ, ಓಡಿಸಲಾಗಲಿ ಸವಾರಿಗಾಗಲಿ ಮೊಳೆಕೋಲು ಬಳಸಕೂಡದು ಎಂದಿತ್ತು. ದೆಹಲಿಯ ಗೆಜೆಟ್ಟು ಶ್ರೀನಿವಾಸಪುರದ ಮಾವಿನ ತೋಪಿಗೆ ಬರುವುದು ಹೇಗೆ? ಇವತ್ತಿಗೂ ಪೂರಾ ಬಂದಂತಿಲ್ಲ.

ಗಾಯ ಒಂದು ಹುಳ ಬಿದ್ದು ಮಾಯಿತು. ಮಾಯ್ದ ಮೇಲೆ ಎತ್ತು ಅವನ ಕೈಯಲ್ಲಿ ಏನು ಕಂಡರೂ ಪಕ್ಕಕ್ಕೆ ಸರಿಯತೊಡಗಿತು. ಬೆಲ್ಲ ಹಿಡಿದು ಹೋದರೂ ಸರಿಯುತ್ತಿತ್ತು. ಅಪ್ಪನ ಹತ್ತಿರ ನಿಲ್ಲುತ್ತಿತ್ತು, ತಂಗಿಯ ಹತ್ತಿರ ನಿಲ್ಲುತ್ತಿತ್ತು. ಮರುವರ್ಷ ಶಿವರಾತ್ರಿಗೆ ಆವಣಿ ಜಾತ್ರೆಗೆ ಜೋಡಿಯನ್ನು ಹೊಡೆದುಕೊಂಡು ಹೋದರು, ಸಾಲ ಇತ್ತು. ಕೊಳ್ಳಲು ಬಂದವನು ಹಲ್ಲು ನೋಡಿದ, ಕೊಂಬು ನೋಡಿದ, ನಡೆಸಿ ನೋಡಿದ. ಕೊನೆಗೆ ಬಲಗಡೆ ಎತ್ತಿನ ತೊಡೆಯ ಮೇಲೆ ಅಂಗೈ ಆಡಿಸಿ, ಕೂದಲು ಬಿಡಿಸಿ, ಗುರುತು ಎಣಿಸತೊಡಗಿದ. ಒಂದು, ಎರಡು, ಮೂರು. ಏಳಕ್ಕೆ ನಿಲ್ಲಿಸಿ, ಎತ್ತನ್ನು ಬಿಟ್ಟು ಅಪ್ಪನ ಮುಖ ನೋಡಿದ. ಇಷ್ಟು ಮುಳ್ಳು ತಿಂದದ್ದು ಒಂದೋ ಸೋಮಾರಿ ಎತ್ತಿರಬೇಕು, ಇಲ್ಲವೇ ಕೆಟ್ಟ ಕೈಗೆ ಸಿಕ್ಕಿದ್ದಿರಬೇಕು. ಎರಡಕ್ಕೂ ಬೆಲೆ ಇಳಿಯುತ್ತದೆ. ಇಳಿಸಿಯೇ ಕೊಂಡ. ಅಪ್ಪ ಬಯ್ಯಲಿಲ್ಲ. ಆವಣಿಯಿಂದ ಊರು ಮುಟ್ಟುವವರೆಗೆ ಮುಂದೆ ಮುಂದೆ ನಡೆದ, ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

“ನಾನು ಎಣಿಸಿರಲೇ ಇಲ್ಲ ಕಣೋ” ಅಂದ ತಾತ. “ಅವನು ಎಣಿಸೋವರೆಗೂ ನನಗೆ ಎರಡೋ ಮೂರೋ ಅಂತಲೇ ಇತ್ತು.”

ಯಜಮಾನ ಅಷ್ಟು ಹೊತ್ತಿಗೆ ನಾಲ್ಕು ಪದರ ಚರ್ಮ ಅಂಟಿಸಿ ಬೆರಳಗಲದ ಅಂಚು ಕತ್ತರಿಸಿದ್ದ. ಬೂಟಿನ ಒಳಗೆ ಕೈ ತೂರಿಸಿ, ಮೇಣ ಉಜ್ಜಿದ ದಾರಕ್ಕೆ ಎರಡು ಕಡೆ ಸೂಜಿ ಹಾಕಿ, ಕಣ್ಣಿಗೆ ಕಾಣದ ಒಳಮೈಯಲ್ಲಿ ಬೆರಳಿನ ಅಂದಾಜಿನಿಂದಲೇ ಹೊಲಿದ. ಕಪಿಲೆ ಬಾನಿಯ ಹೊಲಿಗೆಯೇ ಅದು. ಆಮೇಲೆ ತಾನಾಗಿಯೇ, ಯಾರೂ ಹೇಳದೆ, ಮೆತ್ತನೆಯ ಚರ್ಮದಲ್ಲಿ ಹತ್ತಿ ತುಂಬಿ ಗೋಲಿಯಷ್ಟು ದಪ್ಪದ ಎರಡು ಕುಲಾವಿ ಹೊಲಿದು, ಸ್ಪರ್‌ಗಳ ತುದಿಗೆ ತೊಡಿಸಿದ. ಸೀಮೆಸುಣ್ಣದ ತುಂಡನ್ನೂ ಹುಡುಗನ ಜೇಬಿಗೆ ಹಾಕಿದ. ಕೂಲಿ ಕೇಳಿದ್ದು ನೂರೈವತ್ತು. ಹುಡುಗ ಹಲ್ಲುಚಕ್ರದ ಜೊತೆಯನ್ನು ಮಾರಿಕೊಡುತ್ತೀರಾ ಎಂದು ಕೇಳಿದ್ದಕ್ಕೆ, ನಾಟಕದವರು ಯಾರಾದರೂ ಬಂದರೆ ನೋಡೋಣ ಅಂದ.

ಮುಂದಿನ ಭಾನುವಾರ ತಾತ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ, ಮಾಲೂರಿನ ಬಸ್ಸು ಹತ್ತಿದ. ಲಾಯದಲ್ಲಿ ಹುಡುಗನ ಪಾಲಿಗೆ ಬಂದದ್ದು ಒಂದು ಕೆಂದುಬಣ್ಣದ ಹೆಣ್ಣುಕುದುರೆ, ಬೆಂಗಳೂರಿನ ರೇಸಿನಲ್ಲಿ ಓಡಿ ನಿವೃತ್ತಿಯಾದದ್ದು. ಅಂಥದ್ದಕ್ಕೆ ಓಡಲು ಮುಳ್ಳು ಬೇಡವೇ ಬೇಡ. ಸ್ಪರ್ ಇರುವುದು ವೇಗಕ್ಕಲ್ಲ. ಪಕ್ಕಕ್ಕೆ ಒಂದು ಹೆಜ್ಜೆ, ಹಿಂಗಾಲು ಇನ್ನಷ್ಟು ಒಳಕ್ಕೆ ಎಂಬ ಸಣ್ಣ ಸಣ್ಣ ಮಾತುಗಳನ್ನು ಸ್ಪಷ್ಟವಾಗಿ ಹೇಳಲು. ಬಾಯಿ ತುಂಬ ಕೂಗುತ್ತಲೇ ಇದ್ದರೆ ಪಿಸುಮಾತು ಕೇಳಿಸುವುದಿಲ್ಲ. ಹಿಮ್ಮಡಿ ಅಲುಗಾಡುತ್ತಲೇ ಇರುವ ಸವಾರನ ಕುದುರೆ ಕೊನೆಗೆ ಕಿವುಡಾಗುತ್ತದೆ. ಸ್ಪರ್‌ಗೆ ಹೊಟ್ಟೆಯೊಡ್ಡಿ ನಿಂತುಬಿಡುತ್ತದೆ. ಅಂತಾರಾಷ್ಟ್ರೀಯ ಡ್ರೆಸಾಜ್ ಪಂದ್ಯಗಳಲ್ಲಿ ಕುದುರೆಯ ಪಕ್ಕೆಯಲ್ಲಿ ಸ್ಪರ್ ತಾಗಿ ರಕ್ತ ಕಂಡರೆ ಸವಾರನನ್ನು ಹೊರಗೆ ಕಳಿಸುತ್ತಾರೆ. ರಕ್ತ ಕಾಣುವ ಹೊತ್ತಿಗೆ ತುಂಬ ತಡವಾಗಿರುತ್ತದೆ ಎನ್ನುವುದು ಬೇರೆ ಮಾತು.

ಹುಡುಗ ಮೇಷ್ಟ್ರಿಗೆ ಗೋಡೆಯ ಸಂಗತಿಯನ್ನು ತಾನೇ ಹೇಳಿದ್ದ. ಅವರು ನಗಲಿಲ್ಲ. ಕುಲಾವಿಗೆ ಸುಣ್ಣ ಬಳಿಸಿ, “ಹತ್ತು ಸುತ್ತು ನಡಿಗೆ, ಹತ್ತು ಸುತ್ತು ದುಡುಕಿ. ಹಿಮ್ಮಡಿ ತಾಗಿಸಕೂಡದು” ಅಂದರು. ತಾತ ಬೇಲಿಗೆ ಒರಗಿ ನಿಂತ. ಹುಡುಗ ಚೆನ್ನಾಗಿ ಕೂತಿದ್ದ. ಬೆನ್ನು ನೆಟ್ಟಗೆ, ಕೈ ತಣ್ಣಗೆ. ನೋಡಿದವರು ಯಾರೂ ತಪ್ಪು ಹೇಳುವಂತಿರಲಿಲ್ಲ. ಕುದುರೆ ಮಾತ್ರ ಆಗಾಗ ಬಾಲ ಬೀಸುತ್ತಿತ್ತು.

ಇಳಿದ ಮೇಲೆ ತಾತ ಹತ್ತಿರ ಹೋದ. ಹೆಣ್ಣುಕುದುರೆ ಅವನ ತೋಳು ಮೂಸಿ ಸುಮ್ಮನಾಯಿತು. ಕೆಂದು ಕೂದಲ ಮೇಲೆ ಬಿಳಿ ಚೆನ್ನಾಗಿ ಕಾಣುತ್ತಿತ್ತು, ಒಂದೇ ಕಣ್ಣಿಗೂ ಕಾಣುತ್ತಿತ್ತು. ಅವನು ಅಂಗೈ ಆಡಿಸುತ್ತಾ ಎಣಿಸಿದ. ಎಡಕ್ಕೆ ನಾಲ್ಕು, ಬಲಕ್ಕೆ ಹನ್ನೊಂದು. ಬಲಗಡೆ ಒಂದು ಕಡೆ ಕೈ ನಿಲ್ಲಿಸಿದ. ಸುಣ್ಣದ ಕೆಳಗೆ ರೂಪಾಯಿ ಅಗಲ ಕೂದಲು ಉಜ್ಜಿ ತೆಳುವಾಗಿತ್ತು. ಸ್ಪರ್ ಇನ್ನೂ ಒಂದು ದಿನವೂ ಕಟ್ಟಿರಲಿಲ್ಲ; ಅದು ಬರಿಯ ಬೂಟಿನ ಹಿಮ್ಮಡಿಯ ಕೆಲಸ. ಹುಡುಗನೂ ನೋಡಿದ. ಮೇಷ್ಟ್ರೂ ನೋಡಿ, ತಮ್ಮ ಕಣ್ಣಿಗೆ ಇದು ಬೀಳಬೇಕಾಗಿತ್ತು ಅಂದರು.

ಸ್ಪರ್ ಬಿಚ್ಚು ಎಂದು ಯಾರೂ ಹೇಳಲಿಲ್ಲ. ಹುಡುಗನೇ ಬಕಲ್ ಬಿಚ್ಚಿ, ಕಬ್ಬಿಣವನ್ನು ಒರೆಸಿ ಮೇಷ್ಟ್ರ ಕೈಗೆ ಕೊಟ್ಟ. ಕುಲಾವಿ ಎರಡನ್ನು ಮಾತ್ರ ಇಟ್ಟುಕೊಂಡ. ಅವನ್ನು ಹಗ್ಗದಿಂದ ಹಿಮ್ಮಡಿಗೆ ಕಟ್ಟಿಕೊಂಡು, ಸುಣ್ಣ ಬಳಿದುಕೊಂಡು ಈಗ ದಿನವೂ ಬೆಳಿಗ್ಗೆ, ಪೇಟೆಯ ಮಕ್ಕಳು ಬರುವ ಮುಂಚೆ, ಇಪ್ಪತ್ತು ಸುತ್ತು ಹಾಕುತ್ತಾನೆ. ಬಲ ಮೊಣಕಾಲು ಸಡಿಲವಾದಾಗ ಪಾದ ಹೊರಕ್ಕೆ ತಿರುಗುತ್ತದೆ, ತಪ್ಪು ಅಲ್ಲಿಂದ ಎಂದು ಪತ್ತೆಯಾಗಿದೆ. ಭಾನುವಾರ ರಾತ್ರಿ ಊರಿಗೆ ಫೋನು ಮಾಡುತ್ತಾನೆ. ಊಟ ಆಯಿತೇ, ಮಳೆ ಬಂತೇ ಎಂಬುದೆಲ್ಲ ಅಮ್ಮನ ಹತ್ತಿರ. ತಾತನ ಕೈಗೆ ಫೋನು ಬಂದರೆ ಲೆಕ್ಕ ಮಾತ್ರ.

“ಈ ವಾರ ಮೂರು ತಾತಾ.”

“ಯಾವ ಮಗ್ಗುಲು?”